ಅನ್ನದಿಂದ ಗಂಜಿಗೆ

ಮಂಗಳವಾರ, ಮಧ್ಯಾಹ್ನ

ಸೊಸೆಗೆ,

ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡುವುದನ್ನು ನನಗೆ ಶಾಲೆಯಲ್ಲಿ ಕಲಿಸಿದ್ದರು. ಅಲ್ಲಿಯ ಕ್ಷೇಮ ನನಗೆ ಗೊತ್ತಿದೆ, ಇಲ್ಲಿಯದು ಈಗ ನಿನಗೆ ಬೇಕಾಗಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಫೋನಿನಲ್ಲೇ ಹೇಳಬೇಕೆಂದು ಎರಡು ಸಲ ಕರೆ ಮಾಡಿದೆ. ಮೊದಲ ಸಲ ನೀನು ಅಳಲು ಶುರು ಮಾಡಿದೆ, ನಾನು ಗದರಿದೆ, ಅಲ್ಲಿಗೆ ಮುಗಿಯಿತು. ಎರಡನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ನೀನು, "ಅತ್ತೆ, ಗುಂಡಮ್ಮನ ಗಂಜಿಗೆ ನೀರೆಷ್ಟು ಹಾಕ್ತೀರಾ, ಸ್ವಲ್ಪ ನಿಧಾನಕ್ಕೆ ಹೇಳಿ, ಬರ್ಕೋತೀನಿ" ಎಂದೆ. ಗ್ಯಾಸಿನ ಮೇಲೆ ಏನೋ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ಫೋನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಗುರುವಾರ ನಿನ್ನ ಗಂಡ ಆಸ್ಪತ್ರೆಗೆ ಬರುವಾಗ ತರುತ್ತಾನೆ. ಲಕೋಟೆಗೆ ಅಂಟು ಹಾಕಿದ್ದೇನೆ. ಅವನು ಓದಬಾರದೆಂದಲ್ಲ, ಮೊದಲು ನೀನು ಓದಬೇಕು. ನಮ್ಮ ಪುಟ್ಟ ಗುಂಡಮ್ಮ ಮಲಗಿದ ಮೇಲೆ ಓದು.

ಭಾನುವಾರ ಅವನು ನಿಮ್ಮ ಬಟ್ಟೆ ಒಯ್ಯಲು ಬಂದವನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ಚಿಕ್ಕವನಿದ್ದಾಗ ಲೆಕ್ಕದ ಪರೀಕ್ಷೆಯಲ್ಲಿ ಗೋತಾ ಹೊಡೆದು ಬಂದರೆ ಹೀಗೇ ಬಾಗಿಲಿಗೆ ಅಡ್ಡ ಕೂರುತ್ತಿದ್ದ. ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಇಷ್ಟು ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು, ಹಗ್ಗ ಹಿಡಿದು ಬಾವಿಯಂಥ ಕತ್ತಲೆಗೆ ಇಳಿಯುವವನು, ಹೆಂಡತಿ ಹೇಳಿದ ಮಾತನ್ನು ತಾಯಿಗೆ ಹೇಳಲು ಅಷ್ಟು ಹೊತ್ತು ತೆಗೆದುಕೊಂಡ.

ಡಾಕ್ಟರು ನಿಮ್ಮಿಬ್ಬರನ್ನೂ ಕೋಣೆಗೆ ಕರೆದು ಕೂರಿಸಿಕೊಂಡರಂತೆ. ಗುಂಡಮ್ಮನ ಮೈಯ ಮಾಂಸಖಂಡಗಳ ಶಕ್ತಿ ಒಂದೊಂದಾಗಿ ಹೋಗುತ್ತಿದೆ, ಕಾಲು ಆಯಿತು, ಬೆನ್ನು ಆಯಿತು, ಈಗ ಗಂಟಲು ಎಂದರಂತೆ. ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗದೆ ಶ್ವಾಸಕ್ಕೆ ಹೋಗುತ್ತಿದೆ, ಈ ಕೆಮ್ಮು, ಈ ಜ್ವರ ಎಲ್ಲ ಅದರಿಂದಲೇ ಎಂದರಂತೆ. ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಕೆ ಇಡೋಣ, ಇನ್ನು ಮೇಲೆ ಬಾಯಿಗೆ ಏನೂ ಬೇಡ ಎಂದು ಒಪ್ಪಿಗೆಯ ಕಾಗದ ಮುಂದಿಟ್ಟರಂತೆ. ನೀನು ಅದನ್ನು ಅವರ ಕಡೆಗೇ ತಳ್ಳಿದೆಯಂತೆ.

"ಬೇಡ ಡಾಕ್ಟ್ರೇ. ಇಲ್ಲಿಯವರಿಗೆ ಅವಳಿಗೆ ಉಣ್ಸೋಕೆ ಬರಲ್ಲ, ನನಗೂ ಬರಲ್ಲ. ಮನೆಗೆ ಕರ್ಕೊಂಡು ಹೋಗ್ತೀನಿ. ನಮ್ಮತ್ತೆ ಕೈಗೆ ಕೊಟ್ಟು ನೋಡಿ, ಒಂದು ತೊಟ್ಟೂ ಬಿಡದೆ ತಿಂತಾಳೆ."

ಇದು ನಿನ್ನ ಮಾತು. ನಿನ್ನ ಗಂಡ ಒಂದಕ್ಷರ ಬಿಡದೆ ಒಪ್ಪಿಸಿದ. ಆಮೇಲೆ ತಲೆ ಎತ್ತಿ, "ಅಮ್ಮಾ, ಅವಳು ನಿನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿದಾಳೆ ಅಂತ ನನಗೇ ಗೊತ್ತಿರಲಿಲ್ಲ" ಎಂದ. ಅವನೂ ಸಹಿ ಹಾಕಬಹುದು, ತಂದೆ ಹಾಕಿದರೂ ನಡೆಯುತ್ತದೆ. ನೀನು ಒಪ್ಪದೆ ಹಾಕುವ ಧೈರ್ಯ ಅವನಿಗಿಲ್ಲ. ಡಾಕ್ಟರು ಸೋಮವಾರದವರೆಗೆ ಕಾಯುತ್ತೇನೆ ಎಂದಿದ್ದಾರಂತೆ. ಅದಕ್ಕಿಂತ ತಡವಾಗಿ ಇನ್ನೊಂದು ಜ್ವರ ಬಂದರೆ, ಮಗುವಿಗೆ ಆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೂ ಇರುವುದಿಲ್ಲವಂತೆ.

ನಿನ್ನ ನಂಬಿಕೆ ನನಗೂ ಗೊತ್ತಿರಲಿಲ್ಲ. ಈ ಮನೆಗೆ ಬಂದಂದಿನಿಂದ ನನ್ನ ಅಡುಗೆಗೆ ನೀನು ಕೊಟ್ಟ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ ಅತ್ತೆ" ಎನ್ನುವುದು. ಅದನ್ನೂ ತಟ್ಟೆ ನೋಡಿಕೊಂಡು ಹೇಳುತ್ತಿದ್ದೆ, ನನ್ನ ಮುಖ ನೋಡಿ ಅಲ್ಲ. ನಾನೂ ನಿನ್ನ ಕೈಯ ಅಡುಗೆಗೆ ಅದಕ್ಕಿಂತ ಹೆಚ್ಚು ಕೊಟ್ಟವಳಲ್ಲ. ಈಗ ಒಂದೇ ಸಲಕ್ಕೆ ಇಷ್ಟು ದೊಡ್ಡ ಮಾತು, ಅದೂ ಡಾಕ್ಟರ ಎದುರು. ಬೇರೆ ದಿನವಾಗಿದ್ದರೆ ನಾಲ್ಕು ಮನೆಗೆ ಹೇಳಿಕೊಂಡು ಬರುತ್ತಿದ್ದೆ. ಈಗ ಆ ಮಾತು ನಿಜವಲ್ಲ ಎಂದು ಹೇಳಬೇಕಾದವಳು ನಾನೇ. ನಾನಲ್ಲದೆ ಇನ್ನು ಯಾರು ಹೇಳಿದರೂ ನೀನು ನಂಬುವುದಿಲ್ಲ.

ಗುಂಡಮ್ಮನಿಗೆ ಮೊದಲ ತುತ್ತು ಕೊಟ್ಟ ಕಾಲ ನಿನಗೆ ನೆನಪಿದೆಯೇ? ಮಗು ಕಲಿತದ್ದಕ್ಕಿಂತ ನಾವಿಬ್ಬರು ಜಗಳವಾಡಿದ್ದೇ ಹೆಚ್ಚು. ನೀನು ಫೋನು ಹಿಡಿದುಕೊಂಡು ಬಂದು, ಯಾವಳೋ ಒಬ್ಬಳು ತನ್ನ ಮಗುವಿನ ಮುಂದೆ ಇಡೀ ಇಡೀ ಹೂಕೋಸು ಇಟ್ಟು ಬಿಟ್ಟದ್ದನ್ನು ತೋರಿಸಿದೆ. ಮಗು ಅದನ್ನು ಗೋಡೆಗೆ, ತಲೆಗೆ, ನೆಲಕ್ಕೆಲ್ಲ ಬಳಿಯುತ್ತಿತ್ತು. "ಹೀಗೆ ಮಾಡಿದ್ರೆ ತಾನೇ ತಿನ್ನೋದು ಕಲಿಯುತ್ತೆ ಅಂತೆ ಅತ್ತೆ" ಎಂದೆ. "ಆ ಹೆಂಗಸಿಗೆ ನೆಲ ಒರೆಸೋಕೆ ಬೇರೆ ಯಾರೋ ಇದ್ದಾರೆ" ಎಂದೆ ನಾನು. ನೀನು ನಗಲಿಲ್ಲ. ಸಂಬಳ ಬಂದ ದಿನ ಅಂಗೈಯಗಲದ ಒಂದು ಮಿಕ್ಸಿ ತಂದೆ, ಮಕ್ಕಳ ಊಟಕ್ಕೆಂದೇ ಮಾಡಿದ್ದು ಎಂದೆ. ನಾನು ಅದನ್ನು ಪೆಟ್ಟಿಗೆ ಸಮೇತ ಮೇಲಿನ ಹಲಗೆಗೆ ಏರಿಸಿದೆ. ಮಿಕ್ಸಿಗೆ ಹಾಕಿದರೆ ಕ್ಯಾರೆಟ್ಟೂ ಒಂದೇ, ಕುಂಬಳಕಾಯಿಯೂ ಒಂದೇ, ಬಾಯಿಗೆ ಬಂದದ್ದು ಏನೆಂದು ಮಗುವಿಗೆ ತಿಳಿಯುವುದು ಹೇಗೆ ಎಂದು ದೊಡ್ಡದಾಗಿ ಪಾಠ ಮಾಡಿದೆ.

ನನ್ನ ಕ್ರಮ ನನಗಿತ್ತು. ಉಪ್ಪು ಸಕ್ಕರೆ ವರ್ಷ ತುಂಬುವವರೆಗೆ ಇಲ್ಲ. ಒಂದು ಹೊಸ ಪದಾರ್ಥ ಕೊಟ್ಟರೆ ಅದು ಮೈಗೆ ಒಗ್ಗಿತೋ ಇಲ್ಲವೋ ನೋಡಿಕೊಂಡು ಮುಂದಿನದು. ಮೊದಲು ಹಬೆಯಲ್ಲಿ ಬೇಯಿಸಿ ಜರಡಿಯಲ್ಲಿ ಉಜ್ಜಿದ್ದು, ಆಮೇಲೆ ಚಮಚದ ಬೆನ್ನಿನಲ್ಲಿ ಒತ್ತಿದ್ದು, ಆಮೇಲೆ ಬೆರಳಲ್ಲಿ ಮುರಿದದ್ದು, ಕೊನೆಗೆ ನಮ್ಮ ತಟ್ಟೆಯದೇ ಅನ್ನ. ಬೇಳೆ ಇದ್ದರೆ ಧಾನ್ಯ ಇರಬೇಕು, ತರಕಾರಿ ಇದ್ದರೆ ಒಂದು ಗುಲಗಂಜಿಯಷ್ಟಾದರೂ ಬೆಣ್ಣೆ ಇರಬೇಕು. ಮಗುವನ್ನು ನೆಟ್ಟಗೆ ಕೂರಿಸಬೇಕು, ಮಾತಾಡಿಸುತ್ತ ಉಣ್ಣಿಸಬೇಕು, ಸಾಕೆಂದು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಮೂವರನ್ನು ಹೀಗೆ ದೊಡ್ಡವರನ್ನಾಗಿ ಮಾಡಿದ್ದೇನೆ. ಈ ಕಟ್ಟಡದಲ್ಲಿ ಯಾರ ಮನೆಯ ಮಗು ಊಟ ಶುರು ಮಾಡಬೇಕಾದರೂ ತಾಯಂದಿರು ನನ್ನ ಬಾಗಿಲು ತಟ್ಟುತ್ತಾರೆ. ನನಗೆ ಬಟ್ಟಲಜ್ಜಿ ಎಂದು ಹೆಸರಿಟ್ಟಿರುವುದೂ ಗೊತ್ತು. ಬೇಸರ ಮಾಡಿಕೊಂಡವಳಂತೆ ಇರುತ್ತೇನೆ, ಬೇಸರವಿಲ್ಲ.

ನಮ್ಮ ಗುಂಡಮ್ಮ ಹಾಗೆಯೇ ಒಂದೊಂದೇ ಮೆಟ್ಟಿಲು ಹತ್ತಿದಳು. ಕುಂಬಳಕಾಯಿಗೆ ಕಣ್ಣರಳಿಸಿದಳು, ಬಟಾಣಿಗೆ ಮೂತಿ ಕಿವುಚಿದಳು, ಮೊಟ್ಟೆಯ ಹಳದಿಗೆ ನನ್ನ ಕೈಯನ್ನೇ ಹಿಡಿದೆಳೆದಳು. ವರ್ಷ ತುಂಬುವ ಹೊತ್ತಿಗೆ ಬೇಳೆ ಕಲಸಿದ ಅನ್ನವನ್ನು ಎರಡೂ ಕೈಯಲ್ಲಿ ತುಂಬಿಕೊಳ್ಳುತ್ತಿದ್ದಳು, ಬೆಂದ ಕ್ಯಾರೆಟ್ಟಿನ ತುಂಡನ್ನು ಮುಂದಿನ ನಾಲ್ಕು ಹಲ್ಲಲ್ಲಿ ಕಚ್ಚಿ ಎಲ್ಲರ ಕಡೆ ನೋಡುತ್ತಿದ್ದಳು. ತೊಡೆಯಲ್ಲಿ ಮಡಿಕೆ ಮಡಿಕೆ. ಕೆಳಮನೆಯ ಟೈಲರಮ್ಮ ಗುಂಡಮ್ಮ ಎಂದು ಕರೆದದ್ದೇ ಹೆಸರಾಯಿತು. ಇನ್ನೂ ನಿಂತಿಲ್ಲವಲ್ಲ ಎಂದು ನೀನು ಒಂದು ಸಲ ಅಂದೆ. ಮೈ ಭಾರ, ನಿಧಾನವಾಗಿ ನಿಲ್ಲುತ್ತಾಳೆ ಎಂದು ನಾನೇ ನಿನ್ನ ಬಾಯಿ ಮುಚ್ಚಿಸಿದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ನೀನು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋಗಿ, ಯಾರಯಾರದೋ ಕಣ್ಣಿಗೆ ಗಾಜು ಕೂರಿಸಿ, ದೀಪ ಹತ್ತಿದ ಮೇಲೆ ಬರುತ್ತಿದ್ದೆ. ಹಗಲಿನ ಊಟವೆಲ್ಲ ನನ್ನದೇ.

ಒಂದು ದಿನ ಕ್ಯಾರೆಟ್ಟಿನ ತುಂಡು ಅವಳ ಕೆನ್ನೆಯಲ್ಲೇ ಉಳಿಯಿತು. ಊಟವಾಗಿ ಎಷ್ಟೋ ಹೊತ್ತಿನ ಮೇಲೆ ಬಾಯಿ ಒರೆಸಲು ಹೋದರೆ ಹಾಗೇ ಇತ್ತು. ಹಲ್ಲು ಬರುತ್ತಿದೆ, ವಸಡು ನೋವಿರಬೇಕು ಎಂದುಕೊಂಡು ಮರುದಿನ ಇನ್ನಷ್ಟು ಮೆತ್ತಗೆ ಬೇಯಿಸಿದೆ. ಸ್ವಲ್ಪ ದಿನಕ್ಕೆ ಅದೂ ಕೆನ್ನೆಯಲ್ಲಿ ಉಳಿಯಿತು. ಬೆರಳಲ್ಲಿ ಮುರಿದು ಕೊಡುತ್ತಿದ್ದದ್ದನ್ನು ಚಮಚದಲ್ಲಿ ಒತ್ತಿ ಕೊಟ್ಟೆ. ತಿಂದಳು. ನನಗೆ ಸಮಾಧಾನವಾಯಿತು. ಆಮೇಲೆ ಒತ್ತಿದ್ದೂ ನಾಲಿಗೆಯ ಮೇಲೆ ನಿಲ್ಲತೊಡಗಿತು, ಜರಡಿ ತೆಗೆದೆ. ಎಲ್ಲ ಮಕ್ಕಳೂ ಗಂಜಿಯಿಂದ ಅನ್ನಕ್ಕೆ ಬರುತ್ತಾರೆ. ನಮ್ಮ ಮಗು ಅನ್ನದಿಂದ ಗಂಜಿಗೆ ಹೋಗುತ್ತಿತ್ತು. ಹತ್ತಿಸಿದ ಮೆಟ್ಟಿಲುಗಳನ್ನು ನಾನೇ ಅವಳ ಕೈ ಹಿಡಿದು ಒಂದೊಂದಾಗಿ ಇಳಿಸುತ್ತಿದ್ದೆ, ಯಾರಿಗೂ ಸದ್ದು ಕೇಳದ ಹಾಗೆ.

ಜರಡಿಯೂ ಸಾಲದಾದಾಗ ಸ್ಟೂಲು ಹಾಕಿಕೊಂಡು ನಿನ್ನ ಮಿಕ್ಸಿಯನ್ನು ಇಳಿಸಿದೆ. ನೀನು ಅಂಗಡಿಗೆ ಹೋದ ಮೇಲೆ ತಿರುಗಿಸುವುದು, ನೀನು ಬರುವಷ್ಟರಲ್ಲಿ ತೊಳೆದು ಒರೆಸಿ ಪೆಟ್ಟಿಗೆಗೆ ಹಾಕಿ ಮೇಲಿಡುವುದು. ಟೈಲರಮ್ಮ ಕಿವಿ ಚುರುಕಿನವಳು. "ಏನಜ್ಜೀ, ನಿಮ್ಮನೇಲೂ ಮಿಕ್ಸಿ ಸದ್ದು? ಗುಂಡಮ್ಮಂಗಾ?" ಎಂದು ಮೆಟ್ಟಿಲಿನಲ್ಲೇ ಹಿಡಿದಳು. "ನನಗೆ ಕಣೆ. ಹಲ್ಲು ಅಲ್ಲಾಡ್ತಿದೆ" ಎಂದೆ. ಅವತ್ತಿನಿಂದ ಮಗುವಿಗೆ ಯಾರ ಎದುರಿಗೂ ಉಣ್ಣಿಸಲಿಲ್ಲ. ದೃಷ್ಟಿಯಾಗುತ್ತದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ದೃಷ್ಟಿ ಗಿಷ್ಟಿ ನಂಬುವವಳಲ್ಲ ನಾನು, ನಿನಗೇ ಗೊತ್ತು.

ಏಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮಗುವಿಗೆ ಕಾಯಿಲೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಕೈಗುಣ ಹೋಯಿತು ಎಂದುಕೊಂಡೆ. ಬಟ್ಟಲಜ್ಜಿಯ ಸ್ವಂತ ಮೊಮ್ಮಗಳು ತಿನ್ನುವುದಿಲ್ಲ ಎಂದು ಹೊರಗೆ ಗೊತ್ತಾದರೆ ನಾನು ತಲೆ ಎತ್ತಿ ಮೆಟ್ಟಿಲಿಳಿಯುವುದು ಹೇಗೆ ಎಂಬ ಚಿಂತೆ ಮೊದಲು ಬಂತು. ಅದೇ ನಿಜ. ಚೆನ್ನಾಗಿ ಕಾಣುವ ಇನ್ನೊಂದು ಕಾರಣ ಹೊಂದಿಸಿ ಬರೆಯಬಹುದಿತ್ತು, ನನ್ನ ಹತ್ತಿರ ಇಲ್ಲ.

ಒಣಗುತ್ತಾಳೆ ಎಂದು ಗಂಜಿಗೆ ಬೆಣ್ಣೆ ಹೆಚ್ಚಿಸಿದೆ, ಮೊಟ್ಟೆಯ ಹಳದಿ ಹೆಚ್ಚಿಸಿದೆ, ಬಾಳೆಹಣ್ಣು ಕಿವುಚಿದೆ. ಒಂದು ತಿಂಗಳು ತೂಕ ಇಳಿಯಲಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ, "ಅಜ್ಜಿ ಊಟ ಅಂದ್ರೆ ಸುಮ್ನೇನಾ" ಎಂದಾಗ ಒಳಗೊಳಗೇ ಹೆದರಿಕೆ, ಮೇಲೆ ನಗು. ಮುಂದಿನ ಸಲ ತೂಕಕ್ಕೆ ಒಯ್ಯಲೇ ಇಲ್ಲ. ನೆಗಡಿಯಾಗಿದೆ ಎಂದು ನಿನಗೆ ಹೇಳಿದೆ.

ಇನ್ನು ಕೇಳು. ಕೊನೆಯ ತಿಂಗಳುಗಳಲ್ಲಿ ಅವಳಿಗೆ ಊಟ ಮಾಡಿಸುವುದೆಂದರೆ ಅರ್ಧ ಹಗಲಿನ ಕೆಲಸ. ಒಂದು ಚಮಚ ಬಾಯಿಗಿಟ್ಟು, ಗಲ್ಲ ಹಿಡಿದು, ಗಂಟಲ ಮೇಲೆ ಬೆರಳಾಡಿಸಿ, ಅದು ಇಳಿಯುವವರೆಗೆ ನಾನೂ ಉಸಿರು ಹಿಡಿದು ಕೂರುತ್ತಿದ್ದೆ. ಒಂದು ಇಳಿದರೆ ಮುಂದಿನದು ಕೆಮ್ಮಾಗಿ ಹೊರಗೆ ಬರುತ್ತಿತ್ತು. ಗಟ್ಟಿಯಾಯಿತು ಎಂದು ನೀರು ಬೆರೆಸಿದೆ. ಕೆಮ್ಮು ಹೆಚ್ಚಾಯಿತು, ಇನ್ನೂ ನೀರು ಬೆರೆಸಿದೆ. ತೆಳ್ಳಗಿದ್ದಷ್ಟೂ ಸಲೀಸಾಗಿ ಇಳಿಯುತ್ತದೆ ಎನ್ನುವುದರಲ್ಲಿ ನನಗೆ ಸಂದೇಹವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳು ನುಂಗುವುದನ್ನು ಎಕ್ಸ್‌ರೇ ಪರದೆಯ ಮೇಲೆ ತೋರಿಸಿದರಂತಲ್ಲ, ತೆಳ್ಳಗಿನದೇ ನೆಟ್ಟಗೆ ಶ್ವಾಸದ ದಾರಿ ಹಿಡಿಯುತ್ತಿತ್ತು ಎಂದು ನಿನ್ನ ಗಂಡ ಹೇಳಿದ. ಅವನಿಗೆ ನಾನು ನೀರು ಬೆರೆಸಿದ ಸಂಗತಿ ಗೊತ್ತಿರಲಿಲ್ಲ, ಸುಮ್ಮನೆ ಸುದ್ದಿ ಎಂಬಂತೆ ಹೇಳಿದ. ನಾನು ಒಲೆಯ ಕಡೆ ತಿರುಗಿ ನಿಂತೆ.

ನೀನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ, "ಊಟ ಮಾಡಿದಳಾ?" ಎನ್ನುತ್ತಿದ್ದೆ. "ಬಟ್ಟಲು ನೋಡು" ಎನ್ನುತ್ತಿದ್ದೆ ನಾನು. ಬಟ್ಟಲು ಖಾಲಿಯೇ ಇರುತ್ತಿತ್ತು. ಅವಳಿಗೆ ಇಳಿಯದೆ ಉಳಿದದ್ದನ್ನು ನಾನೇ ಕುಡಿಯುತ್ತಿದ್ದೆ. ಚೆಲ್ಲಿದರೆ ಸಿಂಕಿನಲ್ಲಿ ಕಾಣುತ್ತದೆ, ಅನ್ನ ಚೆಲ್ಲುವುದು ನನ್ನ ಕೈಯಲ್ಲಿ ಆಗುವುದೂ ಇಲ್ಲ. ಅಷ್ಟು ಬೆಣ್ಣೆ, ಅಷ್ಟು ಹಳದಿ, ಎಲ್ಲ ನನ್ನ ಮೈಗೆ ಹತ್ತಿತು. ರವಿಕೆಗಳನ್ನು ಬಿಚ್ಚಿ ಅಗಲ ಮಾಡಿಸಲು ಹೋದಾಗ ಟೈಲರಮ್ಮ, "ಮೊಮ್ಮಗಳ ಆರೈಕೆ ಮಾಡ್ತಾ ಮಾಡ್ತಾ ಅಜ್ಜಿಗೇ ಕಳೆ ಬಂತು" ಎಂದು ನಕ್ಕಳು. ನೀನು ಡಾಕ್ಟರ ಮುಂದೆ ಹೇಳಿದ ಒಂದು ತೊಟ್ಟೂ ಬಿಡದ ಊಟ ಅದು.

ಇದಿಷ್ಟೂ ಬರೆದದ್ದು ಇನ್ನೊಂದನ್ನು ಬರೆಯುವುದನ್ನು ಮುಂದೂಡಲಿಕ್ಕೇ ಎಂದು ಈಗ ತಿಳಿಯುತ್ತಿದೆ.

ಆ ರಜೆಯ ದಿನ ನೀನು ಅಡುಗೆಮನೆಗೆ ಬಂದು, ಇವತ್ತು ನಾನು ಉಣ್ಣಿಸುತ್ತೇನೆ ಎಂದೆ. ಕೊಡಬಾರದಿತ್ತು, ಕೊಟ್ಟೆ. ನೀನು ಮಗುವನ್ನು ಸರಿಯಾಗಿಯೇ ಕೂರಿಸಿಕೊಂಡೆ. ಬೆನ್ನಿಗೆ ನಿನ್ನ ಎಡಗೈ ಇತ್ತು, ಚಮಚದ ತುದಿಯಲ್ಲಿ ತೆಗೆದುಕೊಂಡದ್ದೂ ಅಳತೆಯೇ. ಎರಡನೆಯ ಚಮಚಕ್ಕೆ ಗುಂಡಮ್ಮ ಕೆಮ್ಮಿದಳು, ಕಣ್ಣು ಮೇಲಾದವು, ತುಟಿಯ ಸುತ್ತ ನೀಲಿಯಾಯಿತು. ನಾನು ಕಿತ್ತುಕೊಂಡು ಬೋರಲು ಮಲಗಿಸಿ ಬೆನ್ನು ತಟ್ಟಿದೆ. ಉಸಿರು ಬಂದ ಮೇಲೆ ನಿನ್ನ ಕಡೆ ತಿರುಗಿ, "ಹೆತ್ತರೆ ಸಾಕಾ? ಮಗೂಗೆ ಉಣ್ಸೋಕೂ ಬರಲ್ಲ ನಿನಗೆ" ಎಂದೆ.

ನೀನು ಎದುರು ಮಾತಾಡಲಿಲ್ಲ. ಸಾಮಾನ್ಯವಾಗಿ ಆಡುತ್ತಿದ್ದೆ. ಆಡಿದ್ದರೆ ಒಳ್ಳೆಯದಿತ್ತು. ಚಮಚ ತೊಳೆದಿಟ್ಟು ಹೊರಗೆ ಹೋದೆ, ಆಮೇಲೆ ಯಾವತ್ತೂ ಮಗುವಿಗೆ ಉಣ್ಣಿಸಲು ಕೈ ಚಾಚಲಿಲ್ಲ. ರಜೆಯ ದಿನ ನಾನು ಬಾಗಿಲು ಹಾಕಿಕೊಂಡರೆ ನೀನು ಹೊರಗೆ ನಿಂತಿರುತ್ತಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಕಾಲು ಕಾಣುತ್ತಿತ್ತು.

ಸೊಸೆ, ನಿನಗೆ ಉಣ್ಣಿಸಲು ಬರುತ್ತಿತ್ತು. ಅವತ್ತು ನನ್ನ ಕೈಯಲ್ಲಿ ಆಗುತ್ತಿದ್ದದ್ದೇ ನಿನ್ನ ಕೈಯಲ್ಲೂ ಆಯಿತು. ಅದೇ ಕೆಮ್ಮು ಹಿಂದಿನ ದಿನ ನನ್ನ ತೊಡೆಯ ಮೇಲೆ ಆಗಿತ್ತು, ಅದೇ ನೀಲಿ. ನಿನಗೆ ಬೈಯುವಾಗಲೂ ನನಗೆ ಅದು ಗೊತ್ತಿತ್ತು. ಈಗ ನೀನು ಆ ಮಾತನ್ನೇ ಹಿಡಿದುಕೊಂಡು, ನನಗೆ ಬರಲ್ಲ, ನಮ್ಮತ್ತೆಗೆ ಬರುತ್ತೆ ಎಂದು ಡಾಕ್ಟರ ಕಾಗದ ತಳ್ಳುತ್ತಿದ್ದೀಯ. ನಾನು ಸಿಟ್ಟಿನಲ್ಲಿ ಎಸೆದ ಮಾತಿನ ಮೇಲೆ ನೀನು ಮನೆ ಕಟ್ಟಿಕೊಂಡು ಕೂತಿದ್ದೀಯ. ಅಲ್ಲಿ ಏನೂ ಇಲ್ಲ, ಎದ್ದು ಬಾ.

ನನಗೆ ಬರುವುದಿಲ್ಲ. ಇದನ್ನು ನಾನು ಇದುವರೆಗೆ ಯಾರಿಗೂ ಬರೆದುಕೊಟ್ಟವಳಲ್ಲ. ನಿನಗೂ ಬರುವುದಿಲ್ಲ, ಆಸ್ಪತ್ರೆಯವರಿಗೂ ಬರುವುದಿಲ್ಲ. ನಮ್ಮ ಮಗುವಿಗೆ ಬಾಯಲ್ಲಿ ಉಣ್ಣಿಸಲು ಈಗ ಯಾರಿಗೂ ಬರುವುದಿಲ್ಲ. ಅವಳನ್ನು ನನ್ನ ಅಡುಗೆಮನೆಯ ಆಸೆಗೆ ಕರೆದುಕೊಂಡು ಬಂದರೆ ನಾನು ಮತ್ತೆ ಒಲೆ ಹಚ್ಚುತ್ತೇನೆ, ಮತ್ತೆ ಬಾಗಿಲು ಹಾಕುತ್ತೇನೆ, ಮತ್ತೆ ಬಟ್ಟಲು ಖಾಲಿಯಾಗುತ್ತದೆ. ಯಾರ ಹೊಟ್ಟೆಗೆ ಹೋಗುತ್ತದೆಂದು ಈಗ ನಿನಗೆ ಗೊತ್ತು.

ಸಹಿ ಹಾಕು. ಸೋಮವಾರ ಎಂದು ಕಾಯಬೇಡ, ಗುರುವಾರವೇ ಹಾಕು, ಗಂಡ ಜೊತೆಗಿರುತ್ತಾನೆ.

ನಳಿಕೆ ಇಟ್ಟರೆ ಹುಷಾರಾಗುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಅಂಥ ಮಾತು ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ, ಟೈಲರಮ್ಮನೇ ಶುರು ಮಾಡಿದ್ದಾಳೆ. ಡಾಕ್ಟರನ್ನು ಒಂದೇ ಒಂದು ಕೇಳು ಎಂದು ನಿನ್ನ ಗಂಡನಿಗೆ ಹೇಳಿದ್ದೆ. ಕೇಳಿ ಬಂದಿದ್ದಾನೆ. ಮೊದಲೇ ಕರೆದುಕೊಂಡು ಬಂದಿದ್ದರೆ ಕೆಲವು ಜ್ವರ ತಪ್ಪುತ್ತಿದ್ದವು, ಕಾಯಿಲೆ ತಪ್ಪುತ್ತಿರಲಿಲ್ಲ, ಹೋದ ಶಕ್ತಿ ವಾಪಸು ಬರುವಂಥದ್ದಲ್ಲ ಎಂದರಂತೆ. ಅವನು ನನಗೆ ಸಮಾಧಾನವಾಗಲಿ ಎಂದು ಮೊದಲರ್ಧ ನುಂಗಿ ಎರಡನೆಯದನ್ನೇ ಎರಡು ಸಲ ಹೇಳಿದ. ನಾನು ಪೂರ್ತಿ ಹೇಳಿಸಿಕೊಂಡೆ. ಆ ಕೆಲವು ಜ್ವರ ನನ್ನವು. ಅದಕ್ಕೆ ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಮನಸ್ಸಿಲ್ಲದಿದ್ದರೂ ಕ್ಷಮಿಸಬೇಕಾಗುತ್ತದೆ, ಮಗುವನ್ನು ನೋಡಿಕೊಳ್ಳುವ ಹೊತ್ತಿನಲ್ಲಿ ಆ ಕೆಲಸ ಬೇರೆ ಯಾಕೆ? ನಳಿಕೆಯಿಂದ ಹೊಟ್ಟೆ ತುಂಬುತ್ತದೆ, ಉಸಿರು ಕಟ್ಟುವುದಿಲ್ಲ, ಇರುವಷ್ಟು ದಿನ ಹಸಿದುಕೊಂಡು ಇರುವುದಿಲ್ಲ. ಅಷ್ಟೇ. ಇದಕ್ಕಿಂತ ಹೆಚ್ಚಿನದು ಯಾರ ಹತ್ತಿರವೂ ಇಲ್ಲ, ನಾನು ಹುಡುಕಿ ನೋಡಿದ್ದೇನೆ.

ನಿನ್ನೆ ಮೇಲಿನ ಮನೆಯ ಹುಡುಗಿ ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಆರು ತಿಂಗಳು ತುಂಬಿದೆ, ನೀವೇ ಶುರು ಮಾಡಿಸಿ ಅಜ್ಜಿ ಎಂದಳು. ಹೊಸ ಬಟ್ಟಲು, ಹೊಸ ಚಮಚ, ಕುಂಬಳಕಾಯಿ ಕೂಡ ತಾನೇ ಬೇಯಿಸಿ ತಂದಿದ್ದಳು. ನಮ್ಮ ಮನೆಯ ಸಂಗತಿ ಅವಳಿಗೆ ಪೂರ್ತಿ ಗೊತ್ತಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಕೆಂದಿದ್ದೆ, ಆದರೆ ಕುಂಬಳಕಾಯಿಯಲ್ಲಿ ನಾರು ಉಳಿದದ್ದು ಕಂಡಿತು, ಒಳಗೆ ಕರೆದೆ. ಜರಡಿಯಲ್ಲಿ ಉಜ್ಜಿಕೊಟ್ಟು, ನೀನೇ ಕೊಡು ಎಂದು ಅವಳ ಕೈಗೇ ಚಮಚ ಕೊಟ್ಟೆ. ಆ ಮಗು ಅದನ್ನು ನಾಲಿಗೆಯಲ್ಲಿ ಎರಡು ಸಲ ಹೊರಗೆ ತಳ್ಳಿತು, ಮೂರನೆಯ ಸಲ ನುಂಗಿತು. ಏನೂ ಆಗಲಿಲ್ಲ. ಗಂಟಲು ಒಮ್ಮೆ ಅಲುಗಿತು, ಮುಗಿಯಿತು, ಮತ್ತೆ ಬೇಕೆಂದು ಕೈ ಬಡಿಯಿತು. ಅಷ್ಟು ಸುಲಭ ಅದು! ಇಷ್ಟು ವರ್ಷ ಎಷ್ಟೋ ಮಕ್ಕಳದ್ದು ನೋಡಿದ್ದೇನೆ, ನನ್ನ ಕೈಯಿಂದಲೇ ಆಗುತ್ತಿದೆ ಎಂದುಕೊಂಡಿದ್ದೆ. ಮಗುವೇ ನುಂಗುವುದು, ನಾವು ಬರೀ ಚಮಚ ಹಿಡಿಯುವುದು. "ಯಾಕಜ್ಜಿ, ಕೋಪ ಬಂತಾ?" ಎಂದು ಆ ಹುಡುಗಿ ಹೆದರಿ ಕೇಳಿದಳು. ಮುಂದೆ ಬರಬೇಡ, ಇಷ್ಟೇ ಇರುವುದು ಕಲಿಯಲು ಎಂದು ಹೇಳಿ ಕಳಿಸಿದೆ.

ನಿನ್ನ ನೀಲಿ ಸ್ವೆಟರು, ಮಗುವಿನ ಮೆತ್ತನೆಯ ಹೊದಿಕೆ, ನಿನ್ನ ಫೋನಿನ ಚಾರ್ಜರು ಚೀಲದಲ್ಲಿ ಹಾಕಿದ್ದೇನೆ. ತಿನ್ನುವುದು ಏನೂ ಹಾಕಿಲ್ಲ, ಹುಡುಕಬೇಡ. ನೀನು ಮಾತ್ರ ಹೊತ್ತಿಗೆ ಸರಿಯಾಗಿ ತಿನ್ನು, ಆಸ್ಪತ್ರೆಯ ಕ್ಯಾಂಟೀನು ಹೇಗೂ ಇರಲಿ. ಆಪರೇಷನ್ ದಿನ ನಾನು ಬರುವುದಿಲ್ಲ. ಮೊಣಕಾಲು ನೋವು, ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ.

ನಿನ್ನ ಗಂಡನ ತಾಯಿ,
ಗುಂಡಮ್ಮನ ಅಜ್ಜಿ

ತಾ.ಕ.: ಮೊಣಕಾಲು ನೋವೇನೂ ಇಲ್ಲ. ನೀವು ಆಸ್ಪತ್ರೆಗೆ ಹೊರಟ ದಿನ ಟ್ಯಾಕ್ಸಿಯ ಹತ್ತಿರ ಗುಂಡಮ್ಮ ನಿನ್ನ ಹೆಗಲ ಮೇಲಿಂದ ನನ್ನನ್ನು ನೋಡಿ ಬಾಯಿ ತೆರೆದಳು. ನೀನು, "ಆಕಳಿಸ್ತಿದಾಳೆ ಅತ್ತೆ, ನಿದ್ದೆ ಬಂತು ಅನ್ಸುತ್ತೆ" ಎಂದೆ. ಅದು ಆಕಳಿಕೆಯಲ್ಲ. ಕೈ ಎತ್ತಲು ಆಗದಿದ್ದರೂ, ಕತ್ತು ನಿಲ್ಲದಿದ್ದರೂ, ನನ್ನ ಮುಖ ಕಂಡರೆ ಅವಳು ಈಗಲೂ ಬಾಯಿ ತೆರೆಯುತ್ತಾಳೆ. ಇನ್ನು ಅದಕ್ಕೆ ಏನೂ ಇಡುವ ಹಾಗಿಲ್ಲ. ನಳಿಕೆ ಇಟ್ಟ ಮೇಲೆ ಮನೆಗೆ ಕರೆದುಕೊಂಡು ಬರುವ ಮೊದಲು ಒಂದು ಫೋನು ಮಾಡು, ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರುತ್ತೇನೆ.